ಮೋಡೆಮ್ ದೀಪ ಹಸಿರು, ಆದ್ರೂ ಇಂಟರ್ನೆಟ್ ಇಲ್ಲ: ಯಾಕೆ?

ಈ ಸಲ ಜೀವಕೋಶದ ಮಾತಿಲ್ಲ, ತಂತಿಯ ಮಾತು. ಹಗುರ ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪನ್ನು ಬ್ರಾಡ್‌ಬ್ಯಾಂಡ್ ಮೋಡೆಮ್‌ಗೆ ಜೋಡಿಸೋದು ಹೇಗೆ, ಜೋಡಿಸಿಯೂ ಇಂಟರ್ನೆಟ್ ಬರದಿದ್ರೆ ಎಲ್ಲಿ ಹುಡುಕೋದು ಅಂತ ನೋಡೋಣ.

ನಾವಿರೋದು ವಾಯವ್ಯ ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ, ಲ್ಯಾಬಿನಲ್ಲಿ ಮೂಲೆಗೆ ಸೇರಲಿದ್ದ 4 ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ಗೆ ಲುಬುಂಟು ಹಾಕಿದೆವು. ಲ್ಯಾಬಿನಲ್ಲಿ ಚೆನ್ನಾಗೇ ಓಡ್ತಿತ್ತು. ಮನೆಗೆ ತಂದ ಭಾನುವಾರ ಮಾತ್ರ ಕೈಕೊಟ್ಟಿತು. ಮರುದಿನ ಊರಲ್ಲಿ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್. ನಮ್ಮ ಮಧ್ಯಾಹ್ನ ಮೂರಕ್ಕೆ, ಅಂದ್ರೆ ಅಲ್ಲಿಯ ರಾತ್ರಿ ಎಂಟೂವರೆಗೆ, ಮುಖ ನೋಡಿ ಮಾತಾಡ್ತೀವಿ ಅಂತ ಹೇಳಿದ್ದೆವು. ಫೋನಿನ ಡೇಟಾ ಖಾಲಿ. ಗಂಟೆ ಎರಡೂಕಾಲು.

ಲ್ಯಾಬಿನಲ್ಲಿ ಪ್ರಯೋಗ ಕೆಟ್ಟಾಗ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲ್ಲ, ಒಂದೊಂದೇ ಪರೀಕ್ಷಿಸ್ತೀವಿ. ಇಲ್ಲೂ ಕೆಳಗಿನಿಂದ ಮೇಲಕ್ಕೆ ನಾಲ್ಕು ಪ್ರಶ್ನೆ ಕೇಳಿದೆವು.

ಮೊದಲನೇದು, ತಂತಿ ಸರಿ ಇದೆಯಾ? ಗೋಡೆಯಿಂದ ಮೋಡೆಮ್‌ಗೆ ಬರೋದು ಫೋನಿನ ಸಣ್ಣ ಪ್ಲಗ್. ಮೋಡೆಮ್‌ನಿಂದ ಕಂಪ್ಯೂಟರ್‌ಗೆ ಹೋಗೋದು ಅಗಲ ಪ್ಲಗ್ಗಿನ ಈಥರ್ನೆಟ್. ಫೈಬರ್ ಮನೆಗಳಲ್ಲಿ ಗೋಡೆಯ ಪೆಟ್ಟಿಗೆ ಬೇರೆ, ಈಥರ್ನೆಟ್ ಮಾತ್ರ ಅದೇ. ಯುಎಸ್‌ಬಿ ಮೋಡೆಮ್‌ಗೆ ಡ್ರೈವರ್ ಹುಡುಕಬೇಕಾಗಬಹುದು, ಆದ್ದರಿಂದ ಹಳೇ ಯಂತ್ರಕ್ಕೆ ಈಥರ್ನೆಟ್ಟೇ ವಾಸಿ. ನಮ್ಮಲ್ಲಿ ದೀಪ ಹಸಿರಾಗಿತ್ತು.

ಎರಡನೇದು, ವಿಳಾಸ ಸಿಕ್ಕಿದೆಯಾ? ಟರ್ಮಿನಲ್‌ನಲ್ಲಿ 'ಐಪಿ', ಒಂದು ಜಾಗ, 'ಎ' ಅಂತ ಟೈಪ್ ಮಾಡಿ. ಮೋಡೆಮ್‌ನೊಳಗೇ ರೌಟರ್ ಇದ್ರೆ ಸಾಮಾನ್ಯವಾಗಿ 192.168 ಇಂದ ಶುರುವಾಗೋ ವಿಳಾಸ ಕಾಣುತ್ತೆ. ವಿಳಾಸ ಕೊಡೋ ಈ ವ್ಯವಸ್ಥೆಗೆ ಡಿಎಚ್‌ಸಿಪಿ ಅಂತಾರೆ. ಕಂಪ್ಯೂಟರ್ "ಯಾರಾದ್ರೂ ಇದ್ದೀರಾ?" ಅಂತ ಕೂಗುತ್ತೆ, ರೌಟರ್ ಓಗೊಡುತ್ತೆ. ವಿಳಾಸವೇ ಇಲ್ಲ, ಅಥವಾ 169.254 ಅಂತ ಇದೆ ಅಂದ್ರೆ ಆ ಕೂಗಿಗೆ ಉತ್ತರ ಬಂದಿಲ್ಲ. ನಮಗೆ ವಿಳಾಸ ಬಂದಿತ್ತು.

ಮೂರನೇದು, ಹೊರಗಿನ ದಾರಿ ತೆರೆದಿದೆಯಾ? 'ಪಿಂಗ್ 1.1.1.1' ಕೊಟ್ಟೆವು. ಉತ್ತರ ಬಂತು! ಅಂದ್ರೆ ಮೋಡೆಮ್‌ದೂ ತಪ್ಪಿಲ್ಲ, ಸಂಪರ್ಕದ್ದೂ ಇಲ್ಲ.

ನಾಲ್ಕನೇದು, ಹೆಸರು ಅರ್ಥ ಆಗ್ತಿದೆಯಾ? ಅಂಕಿಯ ಬದಲು ಜಾಲತಾಣದ ಹೆಸರು ಕೊಟ್ಟು ಪಿಂಗ್ ಮಾಡಿದ್ರೆ ಮೌನ. ಸಿಕ್ಕಿಬಿತ್ತು. ಹೆಸರನ್ನು ಅಂಕಿಗೆ ತಿರುಗಿಸೋದು ಡಿಎನ್‌ಎಸ್ ಸರ್ವರ್. ಲ್ಯಾಬಿನಲ್ಲಿದ್ದಾಗ ಅಲ್ಲಿನ ಒಳಗಿನ ಸರ್ವರ್ ವಿಳಾಸವನ್ನು ನಾವೇ ಕೈಯಾರೆ ಬರೆದಿದ್ದೆವು. ಮನೆಯಿಂದ ಕೇಳಿದ್ರೆ ಅದು ಹೇಗೆ ಓಗೊಟ್ಟೀತು? ಸಂಪರ್ಕದ ಸೆಟ್ಟಿಂಗ್‌ನಲ್ಲಿ ಅದನ್ನು ಅಳಿಸಿ 'ಆಟೋಮ್ಯಾಟಿಕ್' ಮಾಡಿ, ಸಂಪರ್ಕ ಕಡಿದು ಮತ್ತೆ ಜೋಡಿಸಿದೆವು. ಎರಡು ಐವತ್ತಕ್ಕೆ ಎಲ್ಲ ಸರಿ.

ನಿಮ್ಮ ಮೋಡೆಮ್‌ನಲ್ಲಿ ರೌಟರ್ ಇಲ್ಲದಿದ್ರೆ, ಅಥವಾ ಅದು ಬ್ರಿಡ್ಜ್ ಮೋಡ್‌ನಲ್ಲಿದ್ರೆ, ಕಥೆ ಸ್ವಲ್ಪ ಬೇರೆ. ಅನೇಕ ಕಂಪನಿಗಳು ಪಿಪಿಪಿಓಇ ಬಳಸ್ತವೆ. 1999ರಲ್ಲಿ ದಾಖಲಾದ ವಿಧಾನ ಇದು. ಆಗ ಯೂಸರ್‌ನೇಮ್, ಪಾಸ್‌ವರ್ಡ್‌ಗಳನ್ನು ಲಿನಕ್ಸ್‌ಗೇ ಕೊಡಬೇಕು. ಇದರ ತಲೆಬರಹ ಪ್ರತಿ ಪ್ಯಾಕೆಟ್‌ನಲ್ಲಿ 8 ಬೈಟ್ ತಿನ್ನುತ್ತೆ. ಹಾಗಾಗಿ 1500 ಬೈಟಿನ ಮಿತಿ ಸಾಮಾನ್ಯವಾಗಿ 1492ಕ್ಕೆ ಇಳಿಯುತ್ತೆ. ಪಿಂಗ್ ಆಗ್ತಿದೆ, ಸಣ್ಣ ಪುಟ ತೆರೀತಿದೆ, ದೊಡ್ಡ ಪುಟ ಅರ್ಧಕ್ಕೇ ನಿಲ್ತಿದೆ ಅಂದ್ರೆ ಎಂಟಿಯು ಅನ್ನೋ ಆ ಸಂಖ್ಯೆಯನ್ನು ನೋಡಿ. ಇನ್ನೊಂದು ಎಚ್ಚರಿಕೆ: ಈ ಜೋಡಣೆಯಲ್ಲಿ ನಿಮ್ಮ ಯಂತ್ರ ನೇರವಾಗಿ ಬೀದಿಗೆ ನಿಂತಂತೆ. ರೌಟರಿನ ಕಾವಲು ಇರಲ್ಲ. ಫೈರ್‌ವಾಲ್ ಹಾಕಿಯೇ ತಂತಿ ಚುಚ್ಚಿ.

ಮೂರಕ್ಕೆ ಅಮ್ಮನ ಮುಖ ಪರದೆ ಮೇಲೆ ಬಂತು. "ಏನ್ರೋ, ಬೆವರಿದೀರಲ್ಲ, ಅಲ್ಲಿ ಚಳಿ ಇಲ್ವಾ?" ಅಂದರು. ನಾಳೆ ಅವರ ಕಣ್ಣು ಹೇಗಿರುತ್ತೋ ಅನ್ನೋ ಚಿಂತೆ ನಮಗೆ. ಅವರ ಕಣ್ಣಿಗೆ ನಮ್ಮ ಹಣೆಯ ಬೆವರು ಆಗಲೇ ಬಿದ್ದಿತ್ತು.

ನಿಮ್ಮ ಮನೆ ಅಟ್ಟದಲ್ಲಿ ಹಳೇ ಲ್ಯಾಪ್‌ಟಾಪ್ ಇದ್ರೆ ಎಸೆಯೋ ಮೊದಲು ಒಮ್ಮೆ ಪ್ರಯತ್ನಿಸಿ. ತಂತಿ, ವಿಳಾಸ, ದಾರಿ, ಹೆಸರು: ಈ ಕ್ರಮ ನೆನಪಿರಲಿ.