ರಾಣಿ ಗೊಂಬೆಯ ಸವೆದ ಹಿಮ್ಮಡಿ

ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಬಳೆ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ಹೋದ ತಿಂಗಳು ಗುಜರಿ ಗಾಡಿಯೊಂದರಲ್ಲಿ ಎರಡು ಗೊಂಬೆ ಕಂಡರು. ಹಿಡಿ ಇಲ್ಲದ ಕೊಳಗ, ಒಡೆದ ಟ್ರಾನ್ಸಿಸ್ಟರು, ಅವುಗಳ ಮಧ್ಯೆ ಗೇಣುದ್ದದ ರಾಜ-ರಾಣಿ. ರಾಜನ ಬಲಗೈ ಮೊಣಕೈ ಹತ್ತಿರ ಮುರಿದಿತ್ತು. ಯಾರೋ ಟ್ಯೂಬಿನ ಅಂಟು ಮೆತ್ತಿ ಓರೆಯಾಗಿ ಕೂರಿಸಿದ್ದರು. ರಾಣಿಯನ್ನು ನಿಲ್ಲಿಸಿದರೆ ಹಿಂದಕ್ಕೆ ಬೀಳುತ್ತಿದ್ದಳು. ಸಾಲದ್ದಕ್ಕೆ ಇಬ್ಬರ ಮೈಗೂ ಯಾವನೋ ಪುಣ್ಯಾತ್ಮ ಬಾಗಿಲಿಗೆ ಬಳಿಯುವ ಹಳದಿ ಎನಾಮೆಲ್ ಬಳಿದಿದ್ದ. ಒಂಬೈನೂರು ಅಂದವನ ಹತ್ತಿರ ಚೌಕಾಸಿ ಮಾಡಿ 600 ರೂಪಾಯಿಗೆ ತಂದರು.

ತಂದದ್ದಕ್ಕೆ ಕಾರಣ ಇತ್ತು. ಬರುವ ಮಾಘದಲ್ಲಿ ಮಗಳ ಮದುವೆ. ಹಳೇ ಮೈಸೂರು ಕಡೆ ಮದುವೆಯಲ್ಲಿ ಹೆಣ್ಣುಮಗಳಿಗೆ ತವರಿನಿಂದ ಜೋಡಿ ಗೊಂಬೆ ಕೊಡುವ ಪದ್ಧತಿ ಬಹಳ ಮನೆಗಳಲ್ಲಿ ಉಂಟು. ಅದೇ ಪಟ್ಟದ ಗೊಂಬೆ. ನವರಾತ್ರಿಗೆ ಹೊಸ ಬಟ್ಟೆ ತೊಡಿಸಿ ಪಟ್ಟಕ್ಕೆ ಕೂರಿಸುತ್ತಾರೆ. ಮಿಕ್ಕ ಗೊಂಬೆಗಳೆಲ್ಲ ಇವರ ಪರಿವಾರ. ಇವರ ಮನೆಯ ಹಳೇ ಜೋಡಿ ಅಣ್ಣತಮ್ಮಂದಿರ ಪಾಲುಪಟ್ಟಿ ಗಲಾಟೆಯಲ್ಲಿ ಎತ್ತ ಹೋಯಿತೋ ಗೊತ್ತಿಲ್ಲ. ಹೊಸದು ತರಬಹುದಿತ್ತು. ‘ಹೊಸದು ಯಾರು ಬೇಕಾದ್ರೂ ತರ್ತಾರೆ ಸ್ವಾಮಿ, ಹಳೇದರ ಗತ್ತೇ ಬೇರೆ’ ಅನ್ನುವುದು ಯಜಮಾನರ ವಾದ.

ಮನೆಗೆ ತಂದ ಕೂಡಲೇ ಹೆಂಡತಿ ಆಕ್ಷೇಪ ಎತ್ತಿದರು. ಭಿನ್ನವಾದದ್ದನ್ನು ಶುಭಕ್ಕೆ ಕೊಡ್ತಾರೇನ್ರೀ? ಬೀಗರು ಏನಂದುಕೊಂಡಾರು? ವಿಗ್ರಹಕ್ಕೆ ಹೇಳುವ ಮಾತು ಗೊಂಬೆಗೂ ಸಲ್ಲುತ್ತದೆಯೇ ಎಂಬ ಜಿಜ್ಞಾಸೆಗೆ ಈ ವರದಿಗಾರ ಕೈ ಹಾಕುವುದಿಲ್ಲ. ಅಂತೂ ಸರಿಮಾಡಿಸಿದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ವಾಪಸ್ ಗುಜರಿಗೆ ಎಂದು ತೀರ್ಮಾನವಾಯಿತು.

ಹೀಗೆ ಗೊಂಬೆಗಳು ಆಚಾರ್ರ ಕೈಗೆ ಬಂದವು. ಬೀಟೆ ಮರದ ಇನ್ಲೇ ಕೆಲಸದಲ್ಲಿ ಆಯುಷ್ಯ ಸವೆಸಿ ಈಗ ಮನೆ ಜಗಲಿಯಲ್ಲೇ ಸಣ್ಣಪುಟ್ಟ ಕೆಲಸ ಮಾಡುವವರು. ಮುರಿದ ಜಾಗದಲ್ಲಿ ಎದ್ದಿದ್ದ ಒಂದು ಚಕ್ಕೆ ಕಿತ್ತು ನೀರಿನ ಲೋಟಕ್ಕೆ ಹಾಕಿದರು. ಕಲ್ಲಿನ ಹಾಗೆ ತಳ ಸೇರಿತು. ಅದನ್ನೇ ಒಂದು ಹನಿ ಸ್ಪಿರಿಟ್ಟಿಗೆ ಹಾಕಿದರು. ಸ್ಪಿರಿಟ್ಟು ಕೆಂಪಗಾಯಿತು. ‘ರಕ್ತಚಂದನ ಕಣಪ್ಪಾ. ನೀರಿಗೆ ಬಣ್ಣ ಬಿಡಲ್ಲ, ಸ್ಪಿರಿಟ್ಟಿಗೆ ಬಿಡುತ್ತೆ. ಗೆದ್ದಲು ಕೂಡ ಸುಲಭಕ್ಕೆ ಮುಟ್ಟಲ್ಲ.’

ಎಡವಟ್ಟು ಇರುವುದೂ ಅಲ್ಲೇ. ಪೇಂಟು ಬೇಗ ಹೋಗಲಿ ಅಂತ ಸ್ಪಿರಿಟ್ಟೋ ತಿನ್ನರ್ರೋ ಹಾಕಿ ಒರೆಸಿದಿರೋ, ಎನಾಮೆಲ್ಲಿನ ಜೊತೆ ಮರದ ಕೆಂಪೂ ಬಟ್ಟೆಗೆ ಬರುತ್ತದೆ. ಮರಳು ಕಾಗದ ಹಾಕಿದರೆ ಕಣ್ಣು, ಮೂಗು, ಜಡೆಯ ಗೆರೆ ಎಲ್ಲ ಮಟ್ಟಸ. ಆಚಾರ್ರು ಬಿದಿರು ಸೀಳನ್ನು ಉಳಿಯ ಹಾಗೆ ಹೆರೆದುಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಒಣದಾಗಿಯೇ ಪೇಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತಾ ಕೂತರು. ರಾಣಿಯ ಮುಖ ಒಂದಕ್ಕೇ ಮೂರು ಮಧ್ಯಾಹ್ನ. ಅಡಿಯಿಂದ ಸಣ್ಣ ಬಾಯಿ, ಕಿವಿಯ ಓಲೆ, ಕೊರಳ ಅಡ್ಡಿಕೆ ಒಂದೊಂದೇ ಹೊರಗೆ ಬಂದವು.

ರಾಜನ ಕೈಯಲ್ಲಿ ಗಟ್ಟಿಯಾಗಿದ್ದ ಹಳೇ ಅಂಟು ಕೆರೆಯಲು ಎರಡು ದಿನ ಹಿಡಿಯಿತು. ಆಮೇಲೆ ಒಳಗೆ ಬಿದಿರು ಕಡ್ಡಿ ಕೊಟ್ಟು, ಬಡಗಿಗಳು ಬಿಸಿ ಮಾಡಿ ಹಚ್ಚುವ ವಜ್ರದ ಅಂಟಿನಲ್ಲಿ ಕೂರಿಸಿದರು. ಈಗಿನ ಅಂಟೇ ಗಟ್ಟಿಯಲ್ಲವೇ ಎಂದೆ. ‘ಗಟ್ಟಿಯೇ. ಆದರೆ ನಾನು ತಪ್ಪು ಕೂರಿಸಿದ್ರೆ ನನ್ನ ಮೊಮ್ಮಗ ಬಿಚ್ಚೋದು ಹೆಂಗೆ? ಇದಾದ್ರೆ ಬಿಸಿನೀರ ಆವಿಗೆ ಬಿಡುತ್ತೆ’ ಎಂದರು. ಎರಡು ಬೆರಳು ಹೋಗಿದ್ದವು. ಅದಕ್ಕೆ ಅದೇ ಮರ ಬೇಕು. ಆಂಧ್ರದ ಶೇಷಾಚಲದ ಕಡೆ ಬೆಳೆಯುವ ಈ ಮರಕ್ಕೆ 1995ರಿಂದ ಅಂತರರಾಷ್ಟ್ರೀಯ ವ್ಯಾಪಾರದಲ್ಲೂ ನಿರ್ಬಂಧವಿದೆ. ಕಳ್ಳ ಮಾಲಿನ ಸಹವಾಸ ಬೇಡವೆಂದು ಬೆರಳನ್ನು ಹಾಗೇ ಬಿಟ್ಟರು.

ಜಗಳ ಹತ್ತಿದ್ದು ರಾಣಿಯ ಕಾಲಿಗೆ. ಎಡ ಹಿಮ್ಮಡಿ ಓರೆಯಾಗಿ ಸವೆದು ಹೋಗಿದೆ. ಮರದ ಪುಡಿಗೆ ಅಂಟು ಕಲೆಸಿ ತುಂಬಿ, ಪಾಲಿಶ್ ಹೊಡೆದುಬಿಡಿ ಅಂದರು ಯಜಮಾನರು. ಕೂಲಿ ಕೊಡುವವರು ಅವರು. ನನಗೂ ಅದೇ ಸರಿ ಅನಿಸಿತು. ಆಚಾರ್ರು ಒಪ್ಪಲಿಲ್ಲ. ಏರು ದನಿ ಆಗುವ ಹೊತ್ತಿಗೆ ಯಜಮಾನರ ತಾಯಿ, ಎಂಬತ್ತು ದಾಟಿದವರು, ಗೊಂಬೆಯನ್ನು ಕೈಗೆ ತಗೊಂಡು ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿದರು.

‘ಇದು ಮುರಿದದ್ದಲ್ಲ ಕಣೋ, ತೇದದ್ದು.’

ಹಿಂದೆಲ್ಲ ಮಗುವಿಗೆ ಬಾವು ಬಂದರೆ, ಹರೆಯದವರಿಗೆ ಮೊಡವೆ ಎದ್ದರೆ, ಮನೆಯ ಚಂದನದ ಗೊಂಬೆಯನ್ನೇ ಗಂಧದ ಕಲ್ಲಿನ ಮೇಲೆ ನಾಲ್ಕು ಸುತ್ತು ತೇದು ಹಚ್ಚುತ್ತಿದ್ದರಂತೆ. ಮುಖ ಮೈ ಕೆಡಬಾರದಲ್ಲ, ಅದಕ್ಕೇ ಹಿಮ್ಮಡಿ. ಅಷ್ಟು ಗಟ್ಟಿ ಮರ ಅಷ್ಟು ಸವೆಯಬೇಕಾದರೆ ಎಷ್ಟು ಮಕ್ಕಳ ಬಾವು ಇಳಿಸಿರಬೇಕು, ಯಾವ ಮನೆಯದೋ, ಯಾವ ಕಷ್ಟಕ್ಕೆ ಗುಜರಿಗೆ ಹಾಕಿದರೋ ಎಂದು ಅಜ್ಜಿ ತಮಗೆ ತಾವೇ ಮಾತಾಡಿಕೊಂಡರು. ಭಿನ್ನದ ಮಾತೆತ್ತಿದ್ದ ಸೊಸೆ ಅಡಿಗೆಮನೆಯಿಂದ ಹೊರಗೆ ಬಂದು ನಿಂತು ಕೇಳಿಸಿಕೊಂಡರು. ಯಜಮಾನರು ಪಾಲಿಶ್ ಸುದ್ದಿ ಮತ್ತೆ ಎತ್ತಲಿಲ್ಲ.

ಆದರೂ ಗೊಂಬೆ ನಿಲ್ಲಬೇಕಲ್ಲ! ನಿಲ್ಲದ ರಾಣಿಗೆ ಪಟ್ಟ ಕಟ್ಟುವುದು ಹೇಗೆ? ಆಚಾರ್ರು ತೇಗದ ತುಂಡಿನಲ್ಲಿ ಎರಡು ಪೀಠ ಮಾಡಿದರು. ರಾಣಿಯ ಪೀಠದಲ್ಲಿ ಆ ಸವೆದ ಹಿಮ್ಮಡಿ ಕೂರುವಷ್ಟೇ ಓರೆಯ ಗುಳಿ ತೋಡಿದರು. ಮೊಳೆ ಇಲ್ಲ, ಅಂಟಿಲ್ಲ. ಇಟ್ಟರೆ ನೆಟ್ಟಗೆ ನಿಲ್ಲುತ್ತಾಳೆ, ಎತ್ತಿದರೆ ಕೈಗೆ ಬರುತ್ತಾಳೆ. ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸುವ ಶಾಸ್ತ್ರ ಇದೆಯಲ್ಲ, ಅದಕ್ಕೂ ಅಡ್ಡಿಯಿಲ್ಲ.

ಕೂಲಿ 2,500 ರೂಪಾಯಿ, ಪೀಠದ ಮರ ಸೇರಿ. ಗೊಂಬೆಯ ಬೆಲೆಯ ನಾಲ್ಕು ಪಟ್ಟು ಎಂದು ಯಜಮಾನರು ಒಂದೆರಡು ಸಲ ಗೊಣಗಿದರೂ ಎಣಿಸಿ ಕೊಟ್ಟರು. ಈಗ ಜೋಡಿ ಬಳೆ ಅಂಗಡಿಯ ಗಾಜಿನ ಬೀರುವಿನಲ್ಲಿದೆ. ಸೀರೆ-ಪಂಚೆ ಇನ್ನೂ ಆಗಿಲ್ಲ. ಗೊಂಬೆ ಅಳತೆಗೆ ಜರಿ ಹೊಲಿಯುವ ದರ್ಜಿಗಾಗಿ ಹುಡುಕಾಟ ನಡೆದಿದೆ. ತನ್ನ ಧಾರೆ ಸೀರೆಯ ಸೆರಗಿನ ತುದಿ ಕತ್ತರಿಸಿ ಕೊಡುತ್ತೇನೆಂದು ಅಜ್ಜಿ ಆಗಲೇ ಪೆಟ್ಟಿಗೆ ತೆಗೆಸಿದ್ದಾರೆ.