ಪೆಟ್ಟಿಗೆ ಕ್ಯಾಮೆರಾ: ಫೋಕಸ್ ಮಾಡದೆ ಸ್ಫುಟ ಚಿತ್ರ ಹೇಗೆ?

ಬೆಂಗಳೂರಿನ ಕುಮಾರ ಪಾರ್ಕ್, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿರುವ ಆಲ್ಬಂಗಳನ್ನು ತಿರುವಿ ಹಾಕಿ. ಅಂಗೈಯಗಲದ ಕಪ್ಪು-ಬಿಳುಪು ಚಿತ್ರಗಳು. ಅಂಗಳದ ಬಿಸಿಲಿನಲ್ಲಿ, ಕ್ಯಾಮೆರಾದಿಂದ ನಾಲ್ಕೈದು ಮೀಟರ್ ದೂರದಲ್ಲಿ ಅಲುಗಾಡದೆ ನಿಂತ ಜನ. ಇದು ಕೇವಲ ರೂಢಿಯಲ್ಲ. ಇಂಥ ಅನೇಕ ಚಿತ್ರಗಳನ್ನು ತೆಗೆದ ಪೆಟ್ಟಿಗೆ ಕ್ಯಾಮೆರಾದ ಭೌತವಿಜ್ಞಾನವೂ ಇದಕ್ಕೆ ಕಾರಣ.

ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಹೊರತಂದ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್. 1900ರಲ್ಲಿ ಬಂದ ರಟ್ಟಿನ 'ಬ್ರೌನಿ'ಗೆ ಕೇವಲ 1 ಡಾಲರ್! ಮರುವರ್ಷದ ಬ್ರೌನಿ ಮಾದರಿಗೆಂದು ರೂಪಿಸಿದ 120 ಫಿಲ್ಮ್ ಇಂದಿಗೂ ತಯಾರಾಗುತ್ತಿದೆ. ನಮ್ಮ ಬರೋಡದಲ್ಲಿ ತಯಾರಾದ 'ಆಗ್ಫಾ ಕ್ಲಿಕ್ 3' ಎಂಬ ಸರಳ ಕ್ಯಾಮೆರಾಕ್ಕೂ ಇದೇ ಫಿಲ್ಮ್.

ಪೆಟ್ಟಿಗೆ ಕ್ಯಾಮೆರಾದ ಮಸೂರ ಸಾಮಾನ್ಯವಾಗಿ ಸ್ಥಿರ. ಹಾಗಿದ್ದೂ ಚಿತ್ರ ಮಸುಕಾಗದು, ಏಕೆ? ಮಸೂರದ ಸಂಗಮ ದೂರ 100 ಮಿ.ಮೀ., ರಂಧ್ರದ ವ್ಯಾಸ 7 ಮಿ.ಮೀ. ಎಂದುಕೊಳ್ಳಿ. ಬಿಂದುವೊಂದು 0.1 ಮಿ.ಮೀ. ಅಗಲಕ್ಕೆ ಹರಡಿದರೂ ಕಣ್ಣಿಗೆ ಅದು ಬಿಂದುವಾಗಿಯೇ ತೋರುತ್ತದೆ. ಆಗ

100 × 7 ÷ 0.1 = 7000 ಮಿ.ಮೀ. = 7 ಮೀಟರ್

ಮಸೂರವನ್ನು 7 ಮೀಟರ್ ದೂರಕ್ಕೆ ಹೊಂದಿಸಿಟ್ಟರೆ, ಅದರ ಅರ್ಧ, ಅಂದರೆ 3.5 ಮೀಟರ್‌ನಿಂದ ಅನಂತದವರೆಗೆ ಎಲ್ಲವೂ ಸ್ಫುಟ. ಹತ್ತಿರ ಬಂದರೆ ಮುಖ ಮಸುಕು!

ಚಿಕ್ಕ ರಂಧ್ರದಲ್ಲಿ ಬೆಳಕು ಕಡಿಮೆ; ಆದ್ದರಿಂದ ಬಿಸಿಲು ಬೇಕು, ಷಟರ್ ಸುಮಾರು 1/40 ಸೆಕೆಂಡು ತೆರೆದಿರಬೇಕು. 5 ಮೀಟರ್ ದೂರದಲ್ಲಿ, ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ಅಡ್ಡಹಾಯುವವರು ಅಷ್ಟರಲ್ಲಿ 35 ಮಿ.ಮೀ. ಸರಿಯುತ್ತಾರೆ. ಫಿಲ್ಮಿನ ಮೇಲೆ ಅದು 0.7 ಮಿ.ಮೀ.; ನಮ್ಮ ಮಿತಿಯ ಏಳು ಪಟ್ಟು. 'ಅಲ್ಲಾಡಬೇಡಿ' ಎಂಬ ಎಚ್ಚರಿಕೆ ಅದಕ್ಕೇ.

ಚಿತ್ರಗಳು ಚಿಕ್ಕವೇಕೆ? ನೆಗೆಟಿವನ್ನು ಕಾಗದಕ್ಕೆ ಒತ್ತಿ ಅದೇ ಅಳತೆಯ ಪ್ರತಿ ಮಾಡುವುದು ಅಗ್ಗ. ಹಿಗ್ಗಿಸಿದರೆ ಮಸುಕೂ ಹಿಗ್ಗುತ್ತದೆ.

ತರಗತಿಯಲ್ಲಿ ಮಾಡಿ ನೋಡಿ: 10 ಸೆಂ.ಮೀ. ಸಂಗಮ ದೂರದ ಮಸೂರವನ್ನು ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ, ಬೆಣ್ಣೆ ಕಾಗದವನ್ನು 10 ಸೆಂ.ಮೀ. ಹಿಂದೆ ಅಂಟಿಸಿ. ಮಸೂರದ ಮೇಲೆ 7 ಮಿ.ಮೀ. ರಂಧ್ರವಿರುವ ಕಪ್ಪು ಕಾಗದವಿಟ್ಟು ದೂರದ ಮರವನ್ನೂ ಹತ್ತಿರದ ಗೆಳೆಯನನ್ನೂ ನೋಡಿ. ಕಪ್ಪು ಕಾಗದ ತೆಗೆದರೆ ಬಿಂಬ ಬೆಳಗುತ್ತದೆ, ಆದರೆ ಗೆಳೆಯ ಮಸುಕಾಗುತ್ತಾನೆ. ಸೂರ್ಯನತ್ತ ಮಾತ್ರ ಹಿಡಿಯಬೇಡಿ.

ಮನೆಯಲ್ಲಿ ಹಳೆಯ ನೆಗೆಟಿವ್‌ಗಳಿದ್ದರೆ ಎಸೆಯದಿರಿ. ಮೂಲ ದಾಖಲೆ ಅದೇ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಶಿಥಿಲವಾಗುತ್ತಿದೆ ಎಂದರ್ಥ. ಅಂಥವನ್ನು ಬೇರೆಯಾಗಿರಿಸಿ, ಬೇಗ ಸ್ಕ್ಯಾನ್ ಮಾಡಿಸಿ. ಉಳಿದವು ಕಾಗದದ ಲಕೋಟೆಗಳಲ್ಲಿ, ತಂಪಾದ ಒಣ ಜಾಗದಲ್ಲಿರಲಿ.