ಮೋಟಾರು ಗಾಡಿಯ ಕ್ರೂಸ್ ಕಂಟ್ರೋಲಿನ ದೋಷಪರೀಕ್ಷೆ

ಚಾಲಕನು ಕಾಲನ್ನು ತೆಗೆದ ಮೇಲೆಯೂ ಗಾಡಿಯ ವೇಗವನ್ನು ಒಂದೇ ಸಮನಾಗಿ ಕಾಯ್ದುಕೊಂಡು ಹೋಗುವ ಏರ್ಪಾಡಿಗೆ ಕ್ರೂಸ್ ಕಂಟ್ರೋಲೆಂದು ಹೆಸರು. ಇದು ಕೆಲಸಮಾಡದೆ ಹೋದಲ್ಲಿ, ಬೆಲೆಯುಳ್ಳ ಭಾಗಗಳನ್ನು ಬದಲಾಯಿಸಲು ಒಪ್ಪುವುದಕ್ಕೆ ಮುಂಚೆ ಮಾಲೀಕರು ಸ್ಕ್ಯಾನ್ ಯಂತ್ರದಿಂದ ಪರೀಕ್ಷೆ ಮಾಡಿಸತಕ್ಕದ್ದು. ಅಮೆರಿಕದಲ್ಲಿ 1996ರ ಮಾದರಿಯಿಂದೀಚಿನ ಕಾರುಗಳಿಗೆ ಕಡ್ಡಾಯವಾದ 16 ಪಿನ್ನುಗಳ ಸಾಕೆಟ್ಟಿಗೆ ಇದನ್ನು ಜೋಡಿಸಿದರೆ ದೋಷದ ಸಂಕೇತವು ತೋರುವುದು. ಪಿ0571 ಎಂಬುದು ಬ್ರೇಕು ಸ್ವಿಚ್ಚಿನ ವಿದ್ಯುನ್ಮಾರ್ಗದ ದೋಷವನ್ನು ತಿಳಿಸುವುದೇ ಹೊರತು, ಸ್ವಿಚ್ಚೇ ಕೆಟ್ಟಿತೆಂದು ಹೇಳುವುದಿಲ್ಲ; ತಂತಿಯೂ ತುಂಡಾಗಿರಬಹುದು. ಕಣಜದ ಬಳಿ ನಿಲ್ಲಿಸುವ ಗಾಡಿಗಳಿಗೆ ಇಲಿಗಳ ಹಾವಳಿಯೂ ಉಂಟಷ್ಟೆ. ಆದುದರಿಂದ ಬ್ರೇಕನ್ನು ತುಳಿದು ಬಿಡುತ್ತ ಯಂತ್ರದ ತೆರೆಯನ್ನು ನೋಡಬೇಕು. ಕಾಲು ತೆಗೆದರೂ ತುಳಿದಿರುವಂತೆಯೇ ತೋರುತ್ತಿದ್ದರೆ ಕ್ರೂಸ್ ಕಂಟ್ರೋಲು ನಡೆಯದಿರುವುದು ಸಹಜವೇ. ಅಂತಹ ಗಾಡಿಯಲ್ಲಿ, ಬ್ರೇಕು ತುಳಿದಾಗ ಹಿಂದಿನ ಕೆಂಪು ದೀಪಗಳು ಉರಿದು, ಬಿಟ್ಟಾಗ ಆರುವುವೇ ಎಂಬುದನ್ನು ರಸ್ತೆಗಿಳಿಸುವ ಮೊದಲೇ ನೋಡತಕ್ಕದ್ದು.